ಮೂಡದ ಗೆರೆ

ಆ ವರದಿಯಲ್ಲಿ ನಾನು ಬರೆದದ್ದು ಸುಳ್ಳಾಗಿರಲಿಲ್ಲ. ಒಂದೊಂದು ಪದವನ್ನೂ ಎರಡೆರಡು ಸಲ ಓದಿಯೇ ಸಹಿ ಹಾಕಿದ್ದೆ. ಆದರೂ ಆ ಹಾಳೆಯಿಂದ ಒಂದು ಮಗು ಸತ್ತಿತು ಎಂದೇ ಇವತ್ತಿಗೂ ತಿಳಿದಿದ್ದೇನೆ. ಹಾಗೆಲ್ಲ ಅಂದುಕೊಳ್ಳಬೇಡಿ ಎಂದು ಹೇಳಿದ ಸಹೋದ್ಯೋಗಿಗಳಿದ್ದಾರೆ. ಅವರು ಒಳ್ಳೆಯವರೇ, ಆದರೆ ಅವರ ಸಮಾಧಾನ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಚಾಮರಾಜಪೇಟೆಯ ಹಳೇ ಬಂಗಲೆಯೊಂದರಲ್ಲಿ ಮಕ್ಕಳ ಸಣ್ಣ ಆಸ್ಪತ್ರೆ ಇತ್ತು. ಬಂಗಲೆಯ ಹಿಂದಿನ ಅಡುಗೆಮನೆಯನ್ನೇ ಪ್ರಯೋಗಾಲಯ ಮಾಡಿ, ಜೀನ್ ಪರೀಕ್ಷೆಗೆಂದು ನನ್ನನ್ನು ಕೂರಿಸಿದ್ದರು. ಒಲೆ ಇದ್ದ ಕಟ್ಟೆಯ ಮೇಲೆ ಪಿಸಿಆರ್ ಯಂತ್ರ. ಬಚ್ಚಲಿನ ಪಕ್ಕ ಜೆಲ್ ಓಡಿಸುವ ತೊಟ್ಟಿ. ಡಿಎನ್‌ಎಯಲ್ಲಿ ನಮಗೆ ಬೇಕಾದ ಒಂದು ತುಂಡನ್ನು ಮಾತ್ರ ಕೋಟಿಗಟ್ಟಲೆ ನಕಲು ಮಾಡುವುದು ಆ ಯಂತ್ರದ ಕೆಲಸ. ನಕಲಾದದ್ದನ್ನು ಜೆಲ್ಲಿನೊಳಗೆ ಹರಿಸಿ ನೇರಳಾತೀತ ಬೆಳಕಿನಲ್ಲಿ ನೋಡಿದರೆ ಕಿತ್ತಳೆ ಬಣ್ಣದ ಗೆರೆಯೊಂದು ಹೊಳೆಯುತ್ತದೆ. ಗೆರೆ ಮೂಡಿದರೆ ಆ ತುಂಡು ಇದೆ ಎಂದರ್ಥ. ಮೂಡದಿದ್ದರೆ ಒಂದೋ ಆ ತುಂಡು ಇಲ್ಲ, ಇಲ್ಲವೇ ನಾನು ಏನೋ ಎಡವಟ್ಟು ಮಾಡಿದ್ದೇನೆ. ಹತ್ತಕ್ಕೆ ಒಂಬತ್ತು ಸಲ ಎಡವಟ್ಟೇ ಆಗಿರುತ್ತಿತ್ತು.

ಆಸ್ಪತ್ರೆಯ ಹಾರ್ಮೋನ್ ತಜ್ಞೆಯನ್ನು ಎಲ್ಲರೂ ಡಾಕ್ಟ್ರಮ್ಮ ಎನ್ನುತ್ತಿದ್ದರು. ಅವರ ಹತ್ತಿರ ಒಂದು ದಿನ ಗಾಂಧಿ ಬಜಾರಿನಲ್ಲಿ ಹೂ ಮಾರುವ ಮನೆಯವರು ಎರಡು ವಾರದ ಗಂಡುಮಗುವನ್ನು ಕರೆತಂದರು. ತಾಯಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ಅವಳನ್ನು ಸೋದರಮಾವನಿಗೇ ಕೊಟ್ಟಿದ್ದರು. ಹಾಗಾಗಿ ಜೊತೆಗೆ ಬಂದಿದ್ದ ಅವಳ ಅತ್ತೆ ಬೇರೆ ಯಾರೂ ಅಲ್ಲ, ಅವಳ ತಾಯಿಯ ತಾಯಿ. ಮದುವೆಯಾದ ಮೇಲೂ ಅವಳು ಅಜ್ಜಿ ಎಂದೇ ಕರೆಯುತ್ತಿದ್ದಳು.

ಅವಳ ಮೊದಲನೆಯದೂ ಗಂಡೇ. ಮೂರನೇ ವಾರದಲ್ಲಿ ಹಾಲು ಕಕ್ಕಲು ಶುರುಮಾಡಿ, ಒಣಗಿ, ಸತ್ತಿತ್ತು. ಸಾಯುವ ಮುಂಚೆ ಮೈ ಕಪ್ಪಾಗುತ್ತಾ ಬಂದಿತ್ತಂತೆ. ತಾತನ ಬಣ್ಣ ಬರುತ್ತಿದೆ ಎಂದು ಮನೆಯವರು ಸುಮ್ಮನಿದ್ದರು. ಈ ಎರಡನೆಯದರ ಮೈಯೂ ಹಾಗೇ ಕಪ್ಪಾಗುತ್ತಿರುವುದನ್ನು ಕಂಡು ಡಾಕ್ಟ್ರಮ್ಮ ಅದೇ ಗಳಿಗೆಯಲ್ಲಿ ರಕ್ತ ಪರೀಕ್ಷೆಗೆ ಕಳಿಸಿದರು. ಸೋಡಿಯಂ ಪಾತಾಳಕ್ಕಿಳಿದಿತ್ತು, ಪೊಟ್ಯಾಸಿಯಂ ಏರಿತ್ತು. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿ ಕೆಲಸ ಮಾಡದಿದ್ದರೆ ಮೈಯೊಳಗಿನ ಉಪ್ಪೆಲ್ಲ ಮೂತ್ರದಲ್ಲಿ ಸೋರಿಹೋಗುತ್ತದೆ. ಡಾಕ್ಟ್ರಮ್ಮ ಎರಡು ಬಗೆಯ ಹಾರ್ಮೋನ್ ಮಾತ್ರೆ ಕೊಟ್ಟು, ಅವನ್ನು ಅರೆದು ಕುಡಿಸುವುದನ್ನೂ, ಕುದಿಸಿ ಆರಿಸಿದ ನೀರಿಗೆ ಅಳತೆಯ ಉಪ್ಪು ಹಾಕಿ ಕೊಡುವುದನ್ನೂ ಹೇಳಿಕೊಟ್ಟರು. ಎರಡರಲ್ಲಿ ಒಂದು ಮಾತ್ರೆ ಆಗ ಬೆಂಗಳೂರಿನಲ್ಲಿ ಸಿಗುತ್ತಿರಲಿಲ್ಲ, ಅವರು ಹೊರದೇಶದ ಗೆಳತಿಯಿಂದ ತರಿಸುತ್ತಿದ್ದರು. ವಾರದೊಳಗೆ ಮಗು ಹಾಲು ಹೀರತೊಡಗಿತು. ತಿಂಗಳಿಗೆ ಕೆನ್ನೆ ತುಂಬಿಕೊಂಡಿತು.

ಅಡ್ರಿನಲ್ ಹೀಗೆ ಕೈಕೊಡುವುದಕ್ಕೆ ಸಾಮಾನ್ಯವಾದ ಕಾಯಿಲೆಯೊಂದಿದೆ. ಅದಲ್ಲ ಎಂದು ರಕ್ತ ಪರೀಕ್ಷೆ ಹೇಳಿತು. ಆಗ ಡಾಕ್ಟ್ರಮ್ಮ ನನ್ನ ಅಡುಗೆಮನೆಗೆ ಬಂದು ಡಾಕ್ಸ್-೧ ನೋಡ್ತೀಯಾ ಎಂದರು.

ನಮ್ಮ ಕೋಶಗಳ ಕೇಂದ್ರದೊಳಗೆ ಗ್ರಾಹಕಗಳೆಂಬ ಪ್ರೋಟೀನುಗಳು ಕೂತಿರುತ್ತವೆ. ಹಾರ್ಮೋನ್ ಬಂದು ತಗುಲಿದಾಗ ಅವು ಜೀನುಗಳಿಗೆ ಏಳು, ಮಲಗು ಎಂದು ಅಪ್ಪಣೆ ಮಾಡುತ್ತವೆ. ಕೆಲವು ಗ್ರಾಹಕಗಳಿಗೆ ಯಾವ ಹಾರ್ಮೋನು ತಗುಲುತ್ತದೆ ಎಂಬುದೇ ಗೊತ್ತಿಲ್ಲ. ಅಂಥವಕ್ಕೆ ಅನಾಥ ಗ್ರಾಹಕಗಳೆಂದು ಹೆಸರಿಟ್ಟಿದ್ದಾರೆ. ಆ ವರ್ಷಗಳಲ್ಲಿ ಒಂದೊಂದಕ್ಕೇ ಜೋಡಿ ಸಿಗುತ್ತಿತ್ತು. ಒಂದಕ್ಕೆ ಪಿತ್ತರಸದ ಆಮ್ಲ, ಇನ್ನೊಂದಕ್ಕೆ ಮತ್ತೇನೋ. ಸಿಕ್ಕಿದ್ದನ್ನು ದತ್ತು ಹೋಯಿತು ಎಂದು ನಮ್ಮವರು ತಮಾಷೆ ಮಾಡುತ್ತಿದ್ದರು. ಡಾಕ್ಸ್-೧ ಅನಾಥವಾಗಿಯೇ ಉಳಿದದ್ದು. ಅದರ ಹಾರ್ಮೋನು ಯಾವುದೆಂದು ಗೊತ್ತಿಲ್ಲದಿದ್ದರೂ ಅದಿಲ್ಲದಿದ್ದರೆ ಏನಾಗುತ್ತದೆಂದು ಚೆನ್ನಾಗಿ ಗೊತ್ತಿತ್ತು: ಹುಟ್ಟುವ ಗಂಡುಮಗುವಿನಲ್ಲಿ ಅಡ್ರಿನಲ್ ಸರಿಯಾಗಿ ಬೆಳೆಯುವುದೇ ಇಲ್ಲ. ಡಾಕ್ಸ್-೧ರ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಂಗಸರಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೂ ಇನ್ನೊಂದು ನಡೆಸಿಕೊಂಡು ಹೋಗುತ್ತದೆ. ಗಂಡಿಗೆ ಇರುವುದು ಒಂದೇ, ಅದೂ ತಾಯಿಯಿಂದ ಬಂದದ್ದು.

ಮಗುವಿನ ರಕ್ತ ಬೇಕಿತ್ತು. ಅಜ್ಜಿ ಅಡ್ಡ ನಿಂತರು.

"ಅಷ್ಟೊಂದ್ ಸಲ ಚುಚ್ಚಿದೀರ, ಸಾಕು ಬಿಡಿ. ಕೂಸಿನ ಮೈಲಿ ರಕ್ತ ಎಷ್ಟಿರುತ್ತೆ?"

ತಾಯಿ ತನ್ನ ತೋಳು ಚಾಚಿದಳು. "ನನ್ದೇ ತಗೊಳ್ಳಿ ಮೇಡಂ. ನನ್ನಿಂದ ತಾನೆ ಅವನಿಗೆ ಬಂದಿರೋದು."

ಅದಕ್ಕೆ ನಾನು ಒಪ್ಪಿದೆ. ತಾಯಿಯಲ್ಲಿ ದೋಷವಿದ್ದರೆ ಅವಳ ಡಿಎನ್‌ಎಯಲ್ಲೂ ಕಾಣಬೇಕು ಎಂದು ನನ್ನ ತರ್ಕ.

ಈ ಜೀನ್‌ನ ಮೊದಲ ಭಾಗ ಬಲು ಹಠಮಾರಿ. ಎಷ್ಟು ಕಾಯಿಸಿದರೂ ಅದರ ಎರಡು ಎಳೆ ಬಿಟ್ಟುಕೊಳ್ಳುತ್ತಿರಲಿಲ್ಲ. ಬೇರೆ ಬೇರೆ ಉಷ್ಣತೆ ಹಾಕಿ ನೋಡಿದೆ, ರಾಸಾಯನಿಕ ಬದಲಿಸಿದೆ. ನಡುವೆ ಕರೆಂಟು ಹೋಗಿ ಮೂರು ಸಲ ಯಂತ್ರ ನಿಂತುಹೋಯಿತು. ಮೂರನೇ ವಾರದಲ್ಲಿ ಗೆರೆ ಮೂಡಿದಾಗ ನಾನೊಬ್ಬಳೇ ಕೂತು ನಕ್ಕಿದ್ದೆ. ಆಮೇಲೆ ಎಕ್ಸ್‌ರೇ ಫಿಲ್ಮಿನ ಮೇಲೆ ಬಿದ್ದ ಮೆಟ್ಟಿಲು ಮೆಟ್ಟಿಲಿನಂಥ ಗುರುತುಗಳನ್ನು ದೀಪಕ್ಕೆ ಹಿಡಿದು, ಡಿಎನ್‌ಎಯ ಒಂದೊಂದೇ ಅಕ್ಷರ ಓದಿ, ಪ್ರಕಟವಾದ ಸರಿಯಾದ ಕ್ರಮದ ಜೊತೆ ಹೋಲಿಸಿದೆ. ಒಂದು ಅಕ್ಷರವೂ ವ್ಯತ್ಯಾಸವಿರಲಿಲ್ಲ. ತಾಯಿಯ ಮಾದರಿಯಲ್ಲಿ ಈ ಜೀನ್‌ನಲ್ಲಿ ಯಾವ ಬದಲಾವಣೆಯೂ ಕಂಡುಬಂದಿಲ್ಲ ಎಂದು ವರದಿ ಬರೆದೆ.

ನಮ್ಮಲ್ಲಿ ವರದಿ ಡಾಕ್ಟರ ಕೈಗೆ ಹೋಗಬೇಕೇ ಹೊರತು ಮನೆಯವರ ಕೈಗಲ್ಲ. ಆದರೆ ಡಾಕ್ಟ್ರಮ್ಮ ಮೈಸೂರಿನಲ್ಲಿ ಹಾಸಿಗೆ ಹಿಡಿದಿದ್ದ ತಂದೆಯ ಹತ್ತಿರ ಹೋಗಿದ್ದರು. ತಾಯಿ, ಅಜ್ಜಿ ಇಬ್ಬರೂ ಬಂದು ಬಾಗಿಲಲ್ಲಿ ನಿಂತರು. ಅಜ್ಜಿ ಬಾಳೆಲೆಯಲ್ಲಿ ಸುತ್ತಿದ ಎರಡು ಮೊಳ ಮಲ್ಲಿಗೆ ನನ್ನ ಕೈಗಿಟ್ಟರು. ನಾನೂ ಹೆಂಗಸು, ಹೂ ತಂದವರನ್ನು ಹಾಗೇ ಕಳಿಸಲು ಮನಸ್ಸು ಬರಲಿಲ್ಲ. ವರದಿಯ ಒಂದು ಪ್ರತಿ ಕೊಟ್ಟೆ.

"ಏನಂತೆ?" ಎಂದರು ಅಜ್ಜಿ.

"ಈ ಜೀನಲ್ಲಿ ಏನೂ ತೊಂದರೆ ಕಾಣ್ಲಿಲ್ಲ ಅಜ್ಜಿ."

"ಹಂಗಾದ್ರೆ ಏನೂ ಇಲ್ಲ ಅನ್ನಿ."

"ನಾವು ನೋಡಿದ್ರಲ್ಲಿ ಏನೂ ಇಲ್ಲ. ಮಿಕ್ಕಿದ್ದು ಡಾಕ್ಟ್ರಮ್ಮ ಬಂದು ಹೇಳ್ತಾರೆ."

ತಾಯಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಳು. ಮೂರು ವಾರ ಗುದ್ದಾಡಿ ಗೆದ್ದ ಖುಷಿ ನನ್ನ ದನಿಯಲ್ಲಿತ್ತು. ಮಾತ್ರೆ ನಿಲ್ಲಿಸಬೇಡಿ ಎಂಬ ಒಂದು ಮಾತು ನನ್ನ ಬಾಯಲ್ಲಿ ಬರಲಿಲ್ಲ. ಅದು ಡಾಕ್ಟರ ಕೆಲಸ, ನನ್ನದಲ್ಲ ಅಂದುಕೊಂಡಿದ್ದೆನೋ, ಹೊಳೆಯಲೇ ಇಲ್ಲವೋ, ಈಗ ಯೋಚಿಸಿದರೂ ಗೊತ್ತಾಗುವುದಿಲ್ಲ.

ಹದಿನೈದು ದಿನವಾಗಿರಬೇಕು. ಬೆಳಿಗ್ಗೆ ಹತ್ತು ಗಂಟೆಗೆ ತಾಯಿ ಒಬ್ಬಳೇ ಬಂದಳು. ಕೈಯಲ್ಲಿ ಮಗುವಿರಲಿಲ್ಲ. ಬಟ್ಟೆಯ ಚೀಲದಿಂದ ಮಾತ್ರೆಗಳ ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟಳು.

"ಇದು ಇಲ್ಲಿ ಸಿಗಲ್ಲ ಅಂತಿದ್ರಲ್ಲ ಡಾಕ್ಟ್ರಮ್ಮ. ಇನ್ಯಾವುದಾದ್ರೂ ಮಗೂಗೆ ಆಗುತ್ತೆ, ಇಟ್ಕೊಳ್ಳಿ."

ನಾನು ಡಬ್ಬಿ ತೆರೆದೆ. ಅರ್ಧಕ್ಕಿಂತ ಹೆಚ್ಚು ಮಾತ್ರೆ ಹಾಗೇ ಇದ್ದವು. ಅಷ್ಟು ಉಳಿಯುವಂತಿರಲಿಲ್ಲ.

ಅವಳು ನಿಂತುಕೊಂಡೇ ಹೇಳಿದಳು. ಏನೂ ಇಲ್ಲ ಎಂದು ಕಾಗದ ಬಂದ ಮೇಲೆ, ಹಲ್ಲು ಮೂಡದ ಬಾಯಿಗೆ ಉಪ್ಪು ಯಾಕೆ ಎಂದು ಅಜ್ಜಿ ಮೊದಲು ಉಪ್ಪುನೀರು ನಿಲ್ಲಿಸಿದರು. ಮಗು ಗುಂಡುಗುಂಡಾಗಿ ಆಡಿಕೊಂಡಿದ್ದರಿಂದ ಮಾತ್ರೆಯೂ ನಿಂತಿತು. ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಸಣ್ಣಗೆ ಜ್ವರ, ಎರಡು ಸಲ ವಾಂತಿ. ಪಕ್ಕದ ಬೀದಿಯ ಕ್ಲಿನಿಕ್ಕಿನಲ್ಲಿ ಜ್ವರಕ್ಕೆ ಹನಿ ಕೊಟ್ಟರು. ಮಾರನೇ ದಿನ ಬೆಳಿಗ್ಗೆ ಆಟೋದಲ್ಲಿ ನಮ್ಮ ಆಸ್ಪತ್ರೆಗೆ ಹೊರಟಿದ್ದಾರೆ. ಅರ್ಧ ದಾರಿಯಲ್ಲೇ ಮಗು ತಣ್ಣಗಾಯಿತಂತೆ, ಅಲ್ಲಿಂದ ಹಾಗೇ ಆಟೋ ತಿರುಗಿಸಿದರಂತೆ.

ಅವಳು ಹೋದ ಮೇಲೆ ನಾನು ಬಾಗಿಲು ಹಾಕಿಕೊಂಡು ಅತ್ತೆ. ಆಗಿನ್ನೂ ತಪ್ಪು ನನ್ನ ಬಾಯಿಮಾತಿನದಷ್ಟೇ ಎಂದುಕೊಂಡಿದ್ದೆ. ಪರೀಕ್ಷೆ ಸರಿಯಾಗಿತ್ತು ಎಂಬ ನೆಲ ಕಾಲ ಕೆಳಗೆ ಇತ್ತು. ಡಾಕ್ಟ್ರಮ್ಮ ಮೈಸೂರಿನಿಂದ ಬಂದು, ಫೈಲು ಓದಿ, ಅದನ್ನೂ ತೆಗೆದರು. ಅವರು ರೇಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು.

"ಇದು ತಾಯಿದು ಅಲ್ವೇನಮ್ಮಾ? ಒಂದು ಎಕ್ಸಲ್ಲಿ ಜೀನೇ ಪೂರ್ತಿ ಇಲ್ಲದೇ ಹೋಗಿದ್ರೆ ನಿನಗೆ ಹೇಗೆ ಗೊತ್ತಾಗುತ್ತೆ?"

ಒಂದು ಅಕ್ಷರ ತಪ್ಪಾಗಿದ್ದರೆ ನನ್ನ ಫಿಲ್ಮಿನಲ್ಲಿ ಕಾಣುತ್ತಿತ್ತು. ಆದರೆ ಒಂದು ಎಕ್ಸ್‌ನಿಂದ ಜೀನ್ ಬುಡಸಮೇತ ಕಳಚಿಹೋಗಿದ್ದರೆ, ಅವಳ ಇನ್ನೊಂದು ಎಕ್ಸ್‌ನಲ್ಲಿರುವ ಆರೋಗ್ಯವಾದ ಜೀನೇ ನಕಲಾಗುತ್ತದೆ, ಗೆರೆ ಚೆಂದಾಗಿ ಮೂಡುತ್ತದೆ, ಓದಿದರೆ ಎಲ್ಲವೂ ಸರಿಯಾಗಿರುತ್ತದೆ. ಒಂದು ಪ್ರತಿ ಇದೆಯೋ ಎರಡಿವೆಯೋ ಎಂದು ಎಣಿಸುವ ಸಲಕರಣೆ ನಮ್ಮಲ್ಲಿರಲಿಲ್ಲ. ಮಗುವಿನ ಮಾದರಿಯಾಗಿದ್ದರೆ ಗೆರೆ ಮೂಡದೆ ಗೊತ್ತಾಗಿರುತ್ತಿತ್ತು. ಇದು ಪುಸ್ತಕದಲ್ಲಿರುವ ವಿಷಯ. ಪರೀಕ್ಷೆಯಲ್ಲಿ ಕೇಳಿದ್ದರೆ ನಾನೇ ಬರೆದು ಪೂರ್ತಿ ಅಂಕ ತೆಗೆದುಕೊಳ್ಳುತ್ತಿದ್ದೆ.

ಏಳೆಂಟು ತಿಂಗಳಾದ ಮೇಲೆ, ಆ ತಾಯಿ ಮತ್ತೆ ಬಸುರಿ, ಐದು ತುಂಬಿದೆ ಎಂಬ ಸುದ್ದಿ ಬಂತು. ನಮ್ಮ ಆಸ್ಪತ್ರೆಯ ಆಯಾ ಅವರ ಬೀದಿಯವಳು. ಈ ಸಲ ಡಾಕ್ಟರ ಸಹವಾಸವೇ ಬೇಡವೆಂದು ಅಜ್ಜಿ ತೀರ್ಮಾನಿಸಿದ್ದಾರೆ, ಹೆರಿಗೆ ಮನೆ ಹತ್ತಿರದ ಸೂಲಗಿತ್ತಿಯ ಕೈಲೇ ಅಂತೆ.

ಡಾಕ್ಟ್ರಮ್ಮನ ಮಟ್ಟಿಗೆ ಪರೀಕ್ಷೆ ಬೇಕಾಗಿರಲಿಲ್ಲ. ಹುಟ್ಟುವುದು ಗಂಡಾದರೆ ಮೊದಲ ದಿನದಿಂದ ಕಣ್ಣಿಟ್ಟು ನೋಡಿ, ಸೋಡಿಯಂ ಇಳಿದರೆ ಮಾತ್ರೆ ಶುರುಮಾಡಬಹುದು. ಆದರೆ ಮಗುವನ್ನು ಕರೆತರಬೇಕಲ್ಲ? ತಂದರೂ ಮಾತ್ರೆಯನ್ನು ಬದುಕಿರುವವರೆಗೂ ಒಂದು ದಿನ ಬಿಡದೆ ಕೊಡಬೇಕಲ್ಲ? ಏನೂ ಇಲ್ಲವೆಂದು ನಾನು ಸಹಿ ಹಾಕಿದ ಹಾಳೆ ಆ ಮನೆಯಲ್ಲಿರುವ ತನಕ ಅದು ಆಗುವ ಮಾತಲ್ಲ.

ಏನು ಮಾಡಲಿ ಎಂದು ಆಡಳಿತ ನೋಡಿಕೊಳ್ಳುತ್ತಿದ್ದವರನ್ನು ಕೇಳಿದೆ. "ಪೂರಕ ವರದಿ ಅಂತ ಒಂದು ಬರೆದು ಪೋಸ್ಟ್ ಮಾಡಿ. ತಪ್ಪು ಅನ್ನೋ ಪದ ಮಾತ್ರ ಬೇಡ. ನೀವು ಮನೆಗೆ ಹೋಗೋದಂತೂ ಬೇಡವೇ ಬೇಡ" ಎಂದರು. ಅವರ ಭಯ ನನಗೆ ಅರ್ಥವಾಗುತ್ತಿತ್ತು. ಆ ಮನೆಯಲ್ಲಿ ಇಂಗ್ಲಿಷ್ ಓದುವವರೇ ಇಲ್ಲ, ಪೂರಕ ವರದಿ ಇನ್ನೊಂದು ನಾಲ್ಕು ಮಡಿಕೆಯ ಹಾಳೆಯಾಗುತ್ತಿತ್ತು ಅಷ್ಟೆ. ಎರಡು ದಿನ ಯೋಚಿಸಿ, ಮೂರನೇ ದಿನ ಮಧ್ಯಾಹ್ನ ಯಾರಿಗೂ ಹೇಳದೆ ಹೊರಟೆ.

ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ವಠಾರದ ಎರಡು ಕೋಣೆಯ ಮನೆ. ಸಂಜೆಯ ವ್ಯಾಪಾರಕ್ಕೆ ಅಜ್ಜಿ ಸೇವಂತಿಗೆ ಕಟ್ಟುತ್ತಾ ಕೂತಿದ್ದರು. ನನ್ನನ್ನು ನೋಡಿ ಕಾಲು ಮಡಚಿ ಜಾಗ ಬಿಟ್ಟರು, ಕೂತ್ಕೊಳ್ಳಿ ಎನ್ನಲಿಲ್ಲ. ನಾನೇ ಕೂತೆ.

"ಅಜ್ಜಿ, ಅವತ್ತು ನಾನು ಕೊಟ್ಟ ಕಾಗದ ನಂಬಬೇಡಿ. ಆ ಪರೀಕ್ಷೆ ಸಾಲದು. ತಾಯಿ ರಕ್ತದಲ್ಲಿ ಅದು ಗೊತ್ತಾಗಲ್ಲ, ಮಗೂದೇ ನೋಡ್ಬೇಕಿತ್ತು. ತಪ್ಪು ನನ್ದು."

ಅಜ್ಜಿಯ ಬೆರಳು ನಿಲ್ಲಲಿಲ್ಲ. "ಅವತ್ತು ಏನೂ ಇಲ್ಲ ಅಂದೋಳೂ ನೀನೇ."

"ಹೌದು."

"ಈಗ ಇದೆ ಅನ್ನೋಳೂ ನೀನೇ."

"ಇರಬಹುದು ಅಂತೀನಿ."

ತಾಯಿ ಒಳಗಿನ ಕೋಣೆಯ ಹೊಸಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಆ ಕಾಗದದಿಂದಲೇ ನಿಮ್ಮ ಮಗು ಹೋಯಿತು ಎಂಬ ಮುಂದಿನ ಮಾತು ಬಾಕಿ ಇತ್ತು. ಅದನ್ನು ಹೇಳಲು ಧೈರ್ಯ ಸಾಲಲಿಲ್ಲ. ಅದರ ಬದಲು, ನಿಮ್ಮ ಕಡೆ ಹೀಗೆ ಬೇರೆ ಗಂಡುಮಕ್ಕಳು ಹೋಗಿದ್ದುಂಟಾ ಎಂದು ಕೇಳಿದೆ. ಈ ಪ್ರಶ್ನೆಯನ್ನು ಡಾಕ್ಟ್ರಮ್ಮ ಮೊದಲ ದಿನವೇ ಕೇಳಿದ್ದರು, ಇಲ್ಲ ಎಂದು ಫೈಲಿನಲ್ಲಿ ಬರೆದಿತ್ತು.

"ನಂಗೆರಡು ಹೋದ್ವು," ಎಂದರು ಅಜ್ಜಿ. "ಇವಳ ಗಂಡ ಹುಟ್ಟೋಕ್ ಮುಂಚೆ. ಹಾಲು ಕಕ್ಕಿ ಕಕ್ಕಿ ಹೋದ್ವು. ಬಾಲಗ್ರಹ ಅಂದ್ರು."

"ಡಾಕ್ಟ್ರಮ್ಮ ಕೇಳ್ದಾಗ ಯಾಕೆ ಹೇಳ್ಲಿಲ್ಲ ಅಜ್ಜಿ?"

"ಹೆಸರಿಡೋಕ್ ಮುಂಚೆ ಹೋದ ಕೂಸನ್ನ ನಾವು ಮಕ್ಕಳ ಲೆಕ್ಕಕ್ಕೆ ತಗೊಳಲ್ಲವ್ವ. ಹೇಳಬಾರದು ಅದನ್ನ."

ಅಲ್ಲಿಗೆ ನನಗೆ ಅನುಮಾನ ಉಳಿಯಲಿಲ್ಲ. ಆದರೆ ನನ್ನ ಅನುಮಾನ ಹೋಗುವುದರಿಂದ ಅವರಿಗೇನು ಪ್ರಯೋಜನ? ಕಣ್ಣಿಗೆ ಕಾಣುವಂಥದ್ದು ತೋರಿಸಬೇಕಿತ್ತು. ಮಗುವಿನದ್ದು ಏನಾದರೂ ಉಳಿದಿದೆಯಾ, ಕೂದಲು, ರಕ್ತದ ಕಲೆಯ ಬಟ್ಟೆ, ಏನಾದರೂ, ಎಂದು ಕೇಳಿದೆ. ಎಲ್ಲವನ್ನೂ ಮಗುವಿನ ಜೊತೆಗೇ ಕಳಿಸಿದ್ದೇವೆ ಎಂದರು ಅಜ್ಜಿ. ತಾಯಿ ಒಳಗೆ ಹೋದಳು. ಪೆಟ್ಟಿಗೆ ತೆರೆದ ಸದ್ದು ಕೇಳಿಸಿತು. ಹೊರಗೆ ಬಂದು ಮುಷ್ಟಿ ಬಿಚ್ಚಿದಳು.

ಕಪ್ಪು ಉಡಿದಾರಕ್ಕೆ ಪೋಣಿಸಿದ ಬೆಳ್ಳಿಯ ತಾಯತ. ಅವರ ಮನೆಯಲ್ಲಿ ಮಗುವಿನ ಹೊಕ್ಕುಳಬಳ್ಳಿ ಒಣಗಿ ಬಿದ್ದಾಗ ಅದನ್ನು ಎಸೆಯುವುದಿಲ್ಲ. ತಾಯತದೊಳಗಿಟ್ಟು, ಬಾಯಿಗೆ ಅರಗು ಮೆತ್ತಿ, ಮಗುವಿನ ಸೊಂಟಕ್ಕೆ ಕಟ್ಟುತ್ತಾರೆ.

"ಮಣ್ಣು ಮಾಡೋವಾಗ ಇದೊಂದನ್ನ ನಾನು ಬಿಚ್ಕೊಂಡೆ," ಎಂದಳು.

"ಅದು ಅವನ ಜೊತೆ ಹೋಗ್ಬೇಕಿತ್ತಲ್ಲೇ," ಎಂದರು ಅಜ್ಜಿ. ಆಗ ಮಾತ್ರ ಅವರ ಬೆರಳು ನಿಂತವು. ಸಿಟ್ಟೋ ಸಂಕಟವೋ ಆ ದನಿಯಲ್ಲಿ ಗೊತ್ತಾಗಲಿಲ್ಲ. ಕಟ್ಟುತ್ತಿದ್ದ ಸೇವಂತಿಗೆಯನ್ನು ಪಕ್ಕಕ್ಕಿಟ್ಟು, "ಕೊಡು," ಎಂದರು.

ತಾಯಿ ನನ್ನನ್ನು ಕೇಳಿದಳು. "ಪೂರ್ತಿ ಬೇಕಾ ಮೇಡಂ? ನಂಗೆ ಅಂತ ಒಂಚೂರು ಉಳಿಯುತ್ತಾ?"

"ಅರ್ಧ ಸಾಕು. ಅರ್ಧ ಹಾಗೇ ವಾಪಸ್ ತಂದ್ಕೊಡ್ತೀನಿ," ಎಂದು ಮಾತು ಕೊಟ್ಟೆ.

ಪ್ರಯೋಗಾಲಯಕ್ಕೆ ತಂದು ಅರಗನ್ನು ಬಿಸಿ ಸೂಜಿಯಿಂದ ಬಿಡಿಸಿದೆ. ಒಳಗೆ ಒಣಮೆಣಸಿನಕಾಯಿಯ ತೊಟ್ಟಿನಂಥ ಕಪ್ಪು ತುಂಡು, ಸುತ್ತಲೂ ಅರಿಶಿನ, ಚೂರು ಕರ್ಪೂರ. ಮಗುವನ್ನು ಎತ್ತಿಕೊಂಡವರೆಲ್ಲರ ಬೆವರೂ ನನ್ನ ಕೈಯ ಕಣವೂ ಅದರ ಮೇಲಿರಬಹುದು. ಅದರಲ್ಲಿ ಒಂದಿಷ್ಟು ಸೇರಿದರೂ ನಮ್ಮ ಜೀನೇ ನಕಲಾಗಿ ಗೆರೆ ಮೂಡಿ ಮೋಸವಾಗುತ್ತದೆ. ಹೊರಪದರ ಕೆರೆದು ತೆಗೆದು, ಅರ್ಧ ಕತ್ತರಿಸಿ, ಅರೆದು, ಒಂದು ಹಗಲು ಒಂದು ರಾತ್ರಿ ದ್ರಾವಣದಲ್ಲಿ ಬೆಚ್ಚಗೆ ಬಿಟ್ಟು, ಫೀನಾಲ್‌ನಲ್ಲಿ ತೊಳೆದು ಡಿಎನ್‌ಎ ತೆಗೆದೆ. ಬೆಳ್ಳಗಿರಬೇಕಾದ ಡಿಎನ್‌ಎ ತಿಳಿಹಳದಿ ಇತ್ತು.

ಈ ಸಲ ಗೆರೆ ಮೂಡದಿದ್ದರೇ ಉತ್ತರ. ಆದರೆ ಡಿಎನ್‌ಎ ಕೆಟ್ಟುಹೋಗಿದ್ದರೂ ಗೆರೆ ಮೂಡುವುದಿಲ್ಲ. ಅದಕ್ಕಾಗಿ ಒಂದೇ ಮಾದರಿಯಿಂದ ಮೂರು ಪರೀಕ್ಷೆ ಇಟ್ಟೆ. ಒಂದು, ಗಂಡಸರಲ್ಲಿ ಮಾತ್ರ ಇರುವ ವೈ ವರ್ಣತಂತುವಿನ ತುಂಡು. ಎರಡು, ಎಲ್ಲರಲ್ಲೂ ಇರುವ ಬೇರೆ ಒಂದು ಜೀನ್. ಮೂರನೆಯದು ಡಾಕ್ಸ್-೧. ಮೊದಲೆರಡು ಹೊಳೆದು ಮೂರನೆಯದು ಕತ್ತಲಾಗಿದ್ದರೆ ಮಾತ್ರ ನಂಬಬೇಕು.

ಮೂರೂ ಕತ್ತಲು. ಮತ್ತೆ ಮಾಡಿದೆ, ಮೂರೂ ಕತ್ತಲು. ತೆಗೆದ ಡಿಎನ್‌ಎ ಅಷ್ಟೂ ಮುಗಿಯಿತು. ಸತ್ತ ಮಗುವಿನ ಕೊನೆಯ ತುಣುಕಿನಲ್ಲಿ ಅರ್ಧವನ್ನು ಬಚ್ಚಲಿಗೆ ಚೆಲ್ಲಿದ ಹಾಗಾಯಿತು.

ನನಗೆ ಅರಿಶಿನದ ಮೇಲೆ ಗುಮಾನಿ. ನನ್ನದೇ ರಕ್ತದಿಂದ ತೆಗೆದ ಒಳ್ಳೆಯ ಡಿಎನ್‌ಎಗೆ ಅರಿಶಿನದ ನೀರು ಒಂದು ಹನಿ ಹಾಕಿ ಪರೀಕ್ಷಿಸಿದೆ. ಪ್ರತಿ ಸಲವೂ ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತಿದ್ದ ಗೆರೆ ಮಾಯ. ಅರಿಶಿನ ಪಿಸಿಆರ್ ಅನ್ನು ಕಟ್ಟಿಹಾಕುತ್ತಿತ್ತು. ಅದನ್ನು ಬಿಡಿಸುವ ದಾರಿ ಹುಡುಕಲು ಇನ್ನೊಂದು ತಿಂಗಳು ಹಿಡಿಯಿತು. ಕುರಿ ಸಾಕುವವರಿಂದ ಮರಿಯ ಹೊಕ್ಕುಳಬಳ್ಳಿ ತರಿಸಿ, ಒಣಗಿಸಿ, ಅರಿಶಿನ ಕರ್ಪೂರ ಹಚ್ಚಿಟ್ಟು, ಅದರ ಮೇಲೆ ಕೈ ಪಳಗಿಸಿದೆ. ಹಳದಿ ಬಿಡುವ ತನಕ ಆಲ್ಕೋಹಾಲಿನಲ್ಲಿ ತೊಳೆಯುವುದು, ಡಿಎನ್‌ಎಯನ್ನು ತೆಳ್ಳಗೆ ಮಾಡುವುದು, ಅರಿಶಿನವನ್ನು ಹಿಡಿದಿಟ್ಟುಕೊಳ್ಳಲು ಅಲ್ಬುಮಿನ್ ಎಂಬ ಪ್ರೋಟೀನ್ ಸೇರಿಸುವುದು. ಕೊನೆಗೆ ಕುರಿಯದ್ದು ಹೊಳೆಯಿತು.

ಉಳಿದ ಅರ್ಧ ನನ್ನ ಫ್ರಿಜ್‌ನಲ್ಲೇ ಇತ್ತು. ಕೇಳದೆ ತೆಗೆದುಕೊಂಡರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮಾತು ಕೊಟ್ಟಿದ್ದೆ.

ನಾನು ಮನೆಗೆ ಹೋಗಿ ಬಂದ ಮೇಲೆ ತಾಯಿ ಹತ್ತಿರದ ಹೆರಿಗೆ ಆಸ್ಪತ್ರೆಗೆ ತಿಂಗಳ ತಪಾಸಣೆಗೆ ಹೋಗತೊಡಗಿದ್ದಳು. ಅಜ್ಜಿ ಬೇಡ ಎಂದಿರಲಿಲ್ಲ, ಜೊತೆಗೆ ಹೋಗಿಯೂ ಇರಲಿಲ್ಲ. ಆ ಆಸ್ಪತ್ರೆಯ ಜಗಲಿಯ ಬೆಂಚಿನ ಮೇಲೆ ಅವಳ ಪಕ್ಕ ಕೂತು ಹೇಳಿದೆ. ಅವಳಿಗೆ ಆಗ ಎಂಟು ತುಂಬಿತ್ತು.

"ನೀವು ಅರ್ಧ ಇಟ್ಕೊಡ್ತೀನಿ ಅಂದಿದ್ರಿ."

"ಅಂದಿದ್ದೆ."

"ಈ ಸಲಾನೂ ಏನೂ ಬರದೇ ಹೋದ್ರೆ?"

"ಬರದೇ ಹೋಗಬಹುದು. ಆಗ ಏನೂ ಉಳಿಯಲ್ಲ."

"ತಗೊಳ್ಳಿ. ತಾಯತ ಮಾತ್ರ ವಾಪಸ್ ಕೊಡಿ," ಎಂದಳು.

ಎರಡನೇ ಅರ್ಧದಲ್ಲಿ ನಾನು ಅವಸರ ಮಾಡಲಿಲ್ಲ. ತೊಳೆಯಲಿಕ್ಕೇ ಎರಡು ದಿನ ತೆಗೆದುಕೊಂಡೆ. ಕರೆಂಟು ಹೋದರೆ ಯಂತ್ರ ನಿಲ್ಲದಿರಲೆಂದು ಆಡಳಿತದವರ ಕೋಣೆಯಿಂದ ಯುಪಿಎಸ್ ಹೊತ್ತು ತಂದೆ. ಅವರು ನೋಡಿಯೂ ನೋಡದ ಹಾಗೆ ಇದ್ದರು. ಶುಕ್ರವಾರ ಮಧ್ಯಾಹ್ನ ಜೆಲ್ಲನ್ನು ಬೆಳಕಿಗಿಟ್ಟಾಗ ಡಾಕ್ಟ್ರಮ್ಮ ಪಕ್ಕದಲ್ಲಿದ್ದರು. ವೈ ತುಂಡಿನ ಗೆರೆ ಸಣ್ಣಗೆ, ಆದರೆ ಸ್ಪಷ್ಟವಾಗಿ ಮೂಡಿತ್ತು. ಬೇರೆ ಜೀನ್‌ನ ಗೆರೆಯೂ ಇತ್ತು. ಮೂರನೆಯ ಜಾಗ ಖಾಲಿ. ಅದರ ಪಕ್ಕದಲ್ಲೇ ಹೋಲಿಕೆಗೆಂದು ಓಡಿಸಿದ ನನ್ನ ಡಿಎನ್‌ಎಯಲ್ಲಿ ಅದೇ ಡಾಕ್ಸ್-೧ ಗೆರೆ ಧಾರಾಳವಾಗಿ ಹೊಳೆಯುತ್ತಿತ್ತು.

"ಇಲ್ಲ ಕಣಮ್ಮ, ಅವನಲ್ಲಿ ಅದು ಇರಲೇ ಇಲ್ಲ," ಎಂದರು ಡಾಕ್ಟ್ರಮ್ಮ.

ಗೆದ್ದ ಖುಷಿ ಈ ಸಲ ಬರಲಿಲ್ಲ. ಆ ಮಗು ನನಗೆ ಕಂಡದ್ದು ಅದೇ ಮೊದಲು, ಎರಡು ಗೆರೆಯಲ್ಲಿ. ಜೀವಂತ ಇದ್ದಾಗ ಅವನ ಮುಖವನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ.

ಜೆಲ್ಲಿನ ಚಿತ್ರ ತೋರಿಸಲು ಇಬ್ಬರೂ ಅವರ ಮನೆಗೆ ಹೋದೆವು. ಡಾಕ್ಟ್ರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದರು. ಹುಟ್ಟುವುದು ಗಂಡಾದರೆ ಅರ್ಧಕ್ಕರ್ಧ ಸಾಧ್ಯತೆ. ಹುಟ್ಟಿದ ದಿನವೇ ಹೊಕ್ಕುಳಬಳ್ಳಿಯ ರಕ್ತದಿಂದ ಗೊತ್ತಾಗುತ್ತದೆ, ಮಗುವನ್ನು ಚುಚ್ಚಬೇಕಾಗಿಲ್ಲ. ಇದ್ದರೆ ಮಾತ್ರೆ ಆಯುಷ್ಯಪೂರ್ತಿ. ಹದಿನಾಲ್ಕು ಹದಿನೈದಕ್ಕೆ ಗಡ್ಡ ಮೀಸೆ ಬರಲಿಕ್ಕೂ ಬೇರೆ ಹಾರ್ಮೋನು ಕೊಡಬೇಕಾಗುತ್ತದೆ, ಮುಂದೆ ಅವನಿಗೆ ಮಕ್ಕಳಾಗುವುದು ಕಷ್ಟ, ಅದನ್ನೂ ಈಗಲೇ ತಿಳಿದುಕೊಂಡಿರಿ ಎಂದರು.

ಅಜ್ಜಿ ಚಿತ್ರದ ಖಾಲಿ ಜಾಗದ ಮೇಲೆ ಬೆರಳಿಟ್ಟರು. "ಇದು ಯಾರ ಕಡೆಯಿಂದ ಬಂತು?"

ಡಾಕ್ಟ್ರಮ್ಮ ನನ್ನ ಮುಖ ನೋಡಿದರು. ಬೇರೆ ಮನೆಯಿಂದ ಬಂದ ಸೊಸೆಯಾಗಿದ್ದರೆ ತಪ್ಪು ಅವಳ ತವರಿನ ಮೇಲೆ ಹೋಗುತ್ತಿತ್ತು. ಇಲ್ಲಿ ತವರೂ ಇದೇ ಮನೆ. ಯಾರೂ ಉತ್ತರ ಕೊಡುವ ಮೊದಲೇ ಅಜ್ಜಿ ತಮ್ಮ ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು.

"ನಂದೇ. ನನ್ನ ಹೊಟ್ಟೆಯಿಂದ ನನ್ನ ಮಗಳಿಗೆ, ಅವಳಿಂದ ಇವಳಿಗೆ. ಬೇರೆ ಮನೇಗ್ ಕೊಡೋದ್ ಬೇಡ, ಕಣ್ಮುಂದೆ ಇರ್ಲಿ ಅಂತ ತಂದ್ಕೊಂಡೆ."

ಆ ಮುದುಕಿ ಅತ್ತದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ತಾಯಿ ಪಕ್ಕದಲ್ಲಿ ಕೂತು ಅವರ ಬೆನ್ನು ಸವರಿದಳು.

ಮುಂದಿನ ತಿಂಗಳು ಅದೇ ಹೆರಿಗೆ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಗಂಡುಮಗು. ಹೊಕ್ಕುಳಬಳ್ಳಿಯ ರಕ್ತವನ್ನು ನಾನೇ ಹೋಗಿ ತಂದೆ. ಅದೇ ಸಂಜೆ ಎರಡು ಗೆರೆ, ಒಂದು ಖಾಲಿ ಜಾಗ. ಮೂರನೇ ದಿನದಿಂದ ಮಾತ್ರೆ ಶುರುವಾಯಿತು. ಜ್ವರ ಬಂದರೆ ಎಷ್ಟು ಪಟ್ಟು ಹೆಚ್ಚು ಕೊಡಬೇಕು, ವಾಂತಿಯಾದರೆ ಯಾವ ಸೂಜಿ ಹಾಕಿಸಬೇಕು ಎಂದು ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು, ಡಾಕ್ಟ್ರಮ್ಮನ ಮನೆಯ ನಂಬರನ್ನೂ ಸೇರಿಸಿ, ಅವರ ಗೋಡೆಗೆ ನಾನೇ ಅಂಟಿಸಿ ಬಂದೆ. ಆ ವರ್ಷದಲ್ಲಿ ಎರಡು ಸಲ ಮಗು ತೀರಾ ಕೆಟ್ಟಿತು. ಎರಡು ಸಲವೂ ಅವರು ಮನೆಯಲ್ಲೇ ಮಾತ್ರೆ ಹೆಚ್ಚಿಸಿ, ಗಂಟೆಯೊಳಗೆ ಆಸ್ಪತ್ರೆಗೆ ತಂದರು. ಎರಡು ಸಲವೂ ಉಳಿಯಿತು.

ವರ್ಷ ತುಂಬಿದ ವಾರ ತಾಯಿ ಮಗುವನ್ನು ತೋರಿಸಲು ನನ್ನ ಅಡುಗೆಮನೆಗೆ ಬಂದಳು. ಅದು ಕಟ್ಟೆ ಹಿಡಿದುಕೊಂಡು ಹೆಜ್ಜೆಯಿಡುತ್ತಿತ್ತು, ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುತ್ತಿತ್ತು. ನಾನು ಅದರ ಹಿಂದೆ ಹಿಂದೆ ಹೋಗಿ ಸೀಸೆಗಳನ್ನು ಮೇಲಿಡುತ್ತಿದ್ದೆ. ಅವಳು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು.

"ಮೇಡಂ, ಒಂದು ಕೇಳ್ಲಾ?"

"ಕೇಳು."

"ಇವನಿಗೂ ಅವನಿಗೂ ಇದ್ದಿದ್ದು ಒಂದೇ ಅಲ್ವಾ?"

"ಒಂದೇ."

"ಮಾತ್ರೇನೂ ಅದೇ."

"ಅದೇ."

"ಹಂಗಾದ್ರೆ ಆ ಕಾಗದ ಬರದೇ ಇದ್ದಿದ್ರೆ ಅವನೂ ಇರ್ತಿದ್ನಾ?"

ಹಾಗೆ ಹೇಳಲಾಗುವುದಿಲ್ಲ, ಮಕ್ಕಳ ಆರೋಗ್ಯದಲ್ಲಿ ನೂರೆಂಟು ಇರುತ್ತದೆ ಎಂಬ ಮಾತು ಸಿದ್ಧವಿತ್ತು. ಸಹೋದ್ಯೋಗಿಗಳು ನನಗೆ ಹೇಳಿ ಹೇಳಿ ಅದು ಬಾಯಿಪಾಠವಾಗಿತ್ತು. ಮಗು ನನ್ನ ಸೀರೆಯ ನೆರಿಗೆ ಹಿಡಿದು ನಿಂತಿತ್ತು.

"ಇರ್ತಿದ್ದ," ಎಂದೆ.

ಅವಳು ತಲೆಯಾಡಿಸಿದಳು. ಅಳಲಿಲ್ಲ, ರೇಗಲೂ ಇಲ್ಲ. "ನಂಗೆ ಗೊತ್ತಿತ್ತು. ನೀವ್ ಯಾವತ್ತು ಹೇಳ್ತೀರಾ ಅಂತ ಕಾಯ್ತಿದ್ದೆ," ಎಂದಳು. ಮಗುವಿನ ಬೆರಳುಗಳನ್ನು ನನ್ನ ಸೀರೆಯಿಂದ ಒಂದೊಂದಾಗಿ ಬಿಡಿಸಿ, ಅದನ್ನು ಸೊಂಟದ ಮೇಲೆ ಕೂರಿಸಿಕೊಂಡು, ಮಾತ್ರೆ ತೆಗೆದುಕೊಳ್ಳುವ ಸಾಲಿಗೆ ಹೋಗಿ ನಿಂತಳು.